ತೆಳು ತಗಡಿನ ಬೆಸುಗೆ: ಯಂತ್ರದ ಬೆಲೆ ಮತ್ತು ಬೆಸುಗೆಯ ವೆಚ್ಚ

ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳ, ಬೆಳಗಾವಿಯ ಉದ್ಯಮಬಾಗ, ಮೈಸೂರಿನ ಹೆಬ್ಬಾಳ – ರಾಜ್ಯದ ಯಾವ ಕೈಗಾರಿಕಾ ವಸಾಹತನ್ನು ಹೊಕ್ಕರೂ ತಗಡಿನ ಕೆಲಸ ಮಾಡುವ ಸಣ್ಣ ಘಟಕಗಳು ಕಾಣಸಿಗುತ್ತವೆ. ವಿದ್ಯುತ್ ಪ್ಯಾನೆಲ್ ಪೆಟ್ಟಿಗೆ, ಕಚೇರಿಯ ಕಪಾಟು, ಜನರೇಟರಿನ ಹೊದಿಕೆ, ಹೋಟೆಲಿನ ಅಡಿಗೆ ಮೇಜು, ಗಾಳಿನಾಳ – ತಯಾರಾಗುವ ವಸ್ತು ಯಾವುದೇ ಇರಲಿ, ಅದರ ಮೂಲದ್ರವ್ಯ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರಿನೊಳಗಿನ ತಗಡು. ಈ ಘಟಕಗಳ ಮಾಲೀಕರು ತಗಡು ಕೊಳ್ಳುವಾಗ ಕಿಲೋ ಒಂದಕ್ಕೆ ಐವತ್ತು ಪೈಸೆಯ ವ್ಯತ್ಯಾಸಕ್ಕಾಗಿ ಮೂರು ಅಂಗಡಿಗಳ ಮೆಟ್ಟಿಲು ಹತ್ತುತ್ತಾರೆ. ಆದರೆ ಆ ತಗಡನ್ನು ಜೋಡಿಸುವ ಬೆಸುಗೆ ಯಂತ್ರವನ್ನು ಕೊಳ್ಳುವಾಗ ಪಕ್ಕದ ಶೆಡ್ಡಿನವರು ಏನು ತಂದಿದ್ದಾರೆ, ಮಾರಾಟಗಾರರು ಎಷ್ಟು ರಿಯಾಯಿತಿ ಕೊಡುತ್ತಾರೆ ಎಂಬ ಎರಡು ಪ್ರಶ್ನೆಗಳಲ್ಲಿ ವಿಚಾರ ಮುಗಿದುಹೋಗುತ್ತದೆ.

ಇದಕ್ಕೆ ಕಾರಣ ಮಾಲೀಕರ ಅಜಾಗರೂಕತೆಯಲ್ಲ, ಲೆಕ್ಕದ ಪುಸ್ತಕಗಳ ರಚನೆ. ಯಂತ್ರದ ಬೆಲೆ ಅಢಾವೆ ಪತ್ರಿಕೆಯ ಸ್ಥಿರಾಸ್ತಿಗಳ ಸಾಲಿನಲ್ಲಿ ಎದ್ದು ಕಾಣುತ್ತದೆ. ಆದರೆ ಕೆಟ್ಟ ಬೆಸುಗೆಯ ವೆಚ್ಚಕ್ಕೆ ಯಾವ ಪುಸ್ತಕದಲ್ಲಿಯೂ ಒಂದು ಪ್ರತ್ಯೇಕ ಖಾತೆಯಿಲ್ಲ. ಬೆಸುಗೆಯ ಗಂಟುಗಳನ್ನು ಉಜ್ಜಿ ಸಮ ಮಾಡುವವನ ಸಂಬಳ ಕೂಲಿ ಖಾತೆಗೆ ಸೇರುತ್ತದೆ. ಸವೆದ ಗ್ರೈಂಡಿಂಗ್ ಚಕ್ರಗಳು ಬಳಕೆ ಸಾಮಗ್ರಿಗೆ, ತೂತು ಮುಚ್ಚುವ ಪುಟ್ಟಿ ಬಣ್ಣದ ಖರ್ಚಿಗೆ, ಗ್ರಾಹಕರು ತಿರಸ್ಕರಿಸಿ ಕಳುಹಿಸಿದ ಮಾಲಿನ ಬಾಡಿಗೆ ಸಾಗಾಣಿಕೆ ಖಾತೆಗೆ ಹೋಗುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಬೆಸೆಯುವಾಗ ಹಾಳಾದ ತಗಡು ವರ್ಷದ ಕೊನೆಗೆ ‘ಗುಜರಿ ಮಾರಾಟ’ ಎಂಬ ಹೆಸರಿನಲ್ಲಿ ಲಾಭ-ನಷ್ಟ ತಖ್ತೆಯ ಆದಾಯದ ಕಡೆ ಕುಳಿತುಕೊಳ್ಳುತ್ತದೆ! ಹೀಗೆ ನಷ್ಟವೇ ಆದಾಯದ ವೇಷ ಧರಿಸಿ ಬಂದಾಗ, ಇಪ್ಪತ್ತು ಸಾವಿರ ರೂಪಾಯಿ ಅಗ್ಗದ ಯಂತ್ರ ಕೊಂಡವರು ತಾವು ಜಾಣತನ ತೋರಿದೆವೆಂದು ಭಾವಿಸುವುದು ಸಹಜ.

ತೆಳು ತಗಡಿನ ಸ್ವಭಾವ

ಮಾರುಕಟ್ಟೆಯಲ್ಲಿ ತಗಡು ಇಂದಿಗೂ ಗೇಜಿನ ಲೆಕ್ಕದಲ್ಲಿಯೇ ಮಾತಾಗುತ್ತದೆ. 16 ಗೇಜು ಎಂದರೆ ಸುಮಾರು 1.63 ಮಿ.ಮೀ., 18 ಗೇಜು 1.22, 20 ಗೇಜು 0.91, 22 ಗೇಜು 0.71 ಮಿ.ಮೀ. ಸಾದಾ ಉಕ್ಕಿನ ತಗಡನ್ನು ವಿದ್ಯುತ್ ಕಿಡಿಯಿಂದ ಬೆಸೆಯಲು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಅಂದಾಜು 40 ಆಂಪಿಯರ್ ವಿದ್ಯುತ್ ಸಾಕು ಎಂಬುದು ಈ ಕಸುಬಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಸ್ಥೂಲ ಸೂತ್ರ. ಎಂದರೆ 20 ಗೇಜಿನ ಪೆಟ್ಟಿಗೆಗೆ ಬೇಕಾದದ್ದು ನಲವತ್ತು ಆಂಪಿಯರಿನ ಆಸುಪಾಸಿನ ಶಾಖ ಮಾತ್ರ. ಅದಕ್ಕಿಂತ ಹೆಚ್ಚಾದರೆ ತಗಡು ಕರಗಿ ತೂತು ಬೀಳುತ್ತದೆ. ತೂತು ಬೀಳದಿದ್ದರೂ ಶಾಖ ಸುತ್ತಲೂ ಹರಡಿ, ತಣಿಯುವಾಗ ತಗಡು ಎಳೆದುಕೊಂಡು ಅಲೆಯಲೆಯಾಗಿ ಸೊಟ್ಟಾಗುತ್ತದೆ. ತೂತನ್ನು ಮುಚ್ಚಬಹುದು, ಸೊಟ್ಟಾದ ಬಾಗಿಲನ್ನು ನೇರ ಮಾಡುವುದು ಅದಕ್ಕಿಂತ ಕಷ್ಟದ ಮಾತು.

ಈ ಹಿನ್ನೆಲೆಯಲ್ಲಿ ನೋಡಿದರೆ, 20 ಗೇಜಿನ ಕೆಲಸ ಮಾಡುವ ಘಟಕವೊಂದು 400 ಆಂಪಿಯರ್ ಸಾಮರ್ಥ್ಯದ ಯಂತ್ರ ಕೊಂಡಿದೆ ಎಂದು ಹೆಮ್ಮೆ ಪಡುವುದಕ್ಕೆ ಅರ್ಥವಿಲ್ಲ. ತೆಳು ತಗಡಿನವರು ಕೇಳಬೇಕಾದ ಪ್ರಶ್ನೆ ಯಂತ್ರ ಎಷ್ಟು ಮೇಲಕ್ಕೆ ಹೋಗುತ್ತದೆ ಎಂಬುದಲ್ಲ, ಎಷ್ಟು ಕೆಳಕ್ಕೆ ಇಳಿದು ಅಲ್ಲಿ ಅಲುಗಾಡದೆ ನಿಲ್ಲುತ್ತದೆ ಎಂಬುದು. ಮೂವತ್ತು-ನಲವತ್ತು ಆಂಪಿಯರಿನಲ್ಲಿ ಕಿಡಿ ಒಂದೇ ಸಮನೆ ಉರಿಯುವುದು ಒಳ್ಳೆಯ ಯಂತ್ರದ ಲಕ್ಷಣ. ಹಳೆಯ ಮಾದರಿಯ ದೊಡ್ಡ ಯಂತ್ರಗಳು ತಮ್ಮ ಶಕ್ತಿಯ ತಳಮಟ್ಟದಲ್ಲಿ ತಡವರಿಸುತ್ತವೆ. ಹಾಗೆಯೇ ‘ಡ್ಯೂಟಿ ಸೈಕಲ್’ ಎಂಬ ಮಾತು. 200 ಆಂಪಿಯರಿನಲ್ಲಿ ಶೇ. 60 ಎಂದು ಫಲಕದ ಮೇಲೆ ಬರೆದಿದ್ದರೆ, ಆ ವಿದ್ಯುತ್ತಿನಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಆರು ನಿಮಿಷ ಯಂತ್ರವನ್ನು ಓಡಿಸಬಹುದು ಎಂದರ್ಥ. ನಲವತ್ತು-ಅರವತ್ತು ಆಂಪಿಯರಿನ ಕೆಲಸಕ್ಕೆ ಈ ಸಂಖ್ಯೆ ಅಷ್ಟಾಗಿ ಅಡ್ಡಬರುವುದಿಲ್ಲ. ಮಾರಾಟಗಾರರ ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವ ಎರಡೂ ಅಂಕಿಗಳು ತೆಳು ತಗಡಿನವರಿಗೆ ಹೆಚ್ಚು ಉಪಯೋಗವಿಲ್ಲದವು.

ಕಡ್ಡಿ, ತಂತಿ, ಟಿಗ್

ಕಡ್ಡಿ ಬೆಸುಗೆ, ಅಂದರೆ ಸಾಮಾನ್ಯವಾಗಿ ‘ಆರ್ಕ್’ ಎಂದು ಕರೆಯಲಾಗುವ ವಿಧಾನ, ಅತ್ಯಂತ ಅಗ್ಗದ್ದು. ಎಲ್ಲ ಕೆಲಸಗಾರರಿಗೂ ತಿಳಿದದ್ದು. ಕಿಟಕಿಯ ಜಾಲರಿಗೆ, ಚೌಕಟ್ಟಿಗೆ, ಕೋನ ಉಕ್ಕಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ 2.5 ಮಿ.ಮೀ. ಕಡ್ಡಿ ಸರಿಯಾಗಿ ಉರಿಯಬೇಕಾದರೆ 60ರಿಂದ 90 ಆಂಪಿಯರ್ ಬೇಕು. ಒಂದು ಮಿಲಿಮೀಟರಿನ ತಗಡು ತಾಳುವುದು ಅದರ ಅರ್ಧದಷ್ಟನ್ನು. ಕಡ್ಡಿಗೂ ತಗಡಿಗೂ ಇರುವ ಈ ಜಗಳವನ್ನು ಕೆಲಸಗಾರನ ಕೈಚಳಕ ಸ್ವಲ್ಪ ಮಟ್ಟಿಗೆ ಮಾತ್ರ ಬಗೆಹರಿಸಬಲ್ಲದು. 2 ಮಿ.ಮೀ. ಕಡ್ಡಿ ತಂದು, ನೇರ ವಿದ್ಯುತ್ ಯಂತ್ರದಲ್ಲಿ ಕಡ್ಡಿಯನ್ನು ಋಣ ಧ್ರುವಕ್ಕೆ ಜೋಡಿಸಿ, ಚುಕ್ಕೆ ಚುಕ್ಕೆಯಾಗಿ ಬೆಸೆದರೆ 16 ಗೇಜಿನವರೆಗೆ ನಿಭಾಯಿಸಬಹುದು. ದಿನಕ್ಕೆ ಎರಡು ದುರಸ್ತಿ ಮಾಡುವವರಿಗೆ ಇಷ್ಟು ಸಾಕು. ಆದರೆ ದಿನಕ್ಕೆ ಇಪ್ಪತ್ತು ಪೆಟ್ಟಿಗೆ ಮಾಡುವವರಿಗೆ ಸಾಲದು.

ನಿತ್ಯದ ತಯಾರಿಕೆಗೆ ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಒಗ್ಗಿಕೊಂಡಿರುವುದು ತಂತಿ ಬೆಸುಗೆ – ಕೆಲಸಗಾರರ ಬಾಯಲ್ಲಿ ‘ಸಿ.ಓ.ಟು’ ಅಥವಾ ‘ಮಿಗ್’. ತೆಳು ತಗಡಿಗೆ ಇದು ಸರಿಯಾದ ಆಯ್ಕೆಯೇ. ಆದರೆ ಆಯ್ಕೆ ಯಂತ್ರದೊಡನೆ ಮುಗಿಯುವುದಿಲ್ಲ. ದಪ್ಪ ಕೆಲಸಕ್ಕೆ ತಂದಿಟ್ಟ 1.2 ಮಿ.ಮೀ. ತಂತಿಯಲ್ಲಿಯೇ 20 ಗೇಜನ್ನೂ ಬೆಸೆಯುವ ಪರಿಪಾಠ ಹಲವೆಡೆ ಇದೆ. ತಂತಿ ದಪ್ಪವಾದಷ್ಟೂ ಅದನ್ನು ಕರಗಿಸಲು ಹೆಚ್ಚು ವಿದ್ಯುತ್ ಬೇಕು, ಹೆಚ್ಚು ವಿದ್ಯುತ್ತಿಗೆ ತಗಡು ತೂತಾಗುತ್ತದೆ. ಒಂದು ಮಿಲಿಮೀಟರಿನ ಸುತ್ತಮುತ್ತಲಿನ ತಗಡಿಗೆ 0.8 ಮಿ.ಮೀ., ಅದಕ್ಕಿಂತ ತೆಳುವಾದದ್ದಕ್ಕೆ 0.6 ಮಿ.ಮೀ. ತಂತಿ ಉಚಿತವಾದದ್ದು. ತಂತಿ ಬದಲಿಸಿದಾಗ ಅದನ್ನು ತಳ್ಳುವ ಉರುಳೆಯ ತೋಡು, ತುದಿಯ ತಾಮ್ರದ ಮೂತಿ ಎರಡನ್ನೂ ಬದಲಿಸಬೇಕು. ಈ ಎರಡು ಬಿಡಿಭಾಗಗಳಿಗೆ ತಗಲುವ ಕೆಲವು ನೂರು ರೂಪಾಯಿ ಉಳಿಸಲು ಹೋಗಿ ದಿನಗಟ್ಟಲೆ ತಂತಿ ಸಿಕ್ಕಿಹಾಕಿಕೊಳ್ಳುವುದನ್ನು ಸಹಿಸುವ ಘಟಕಗಳೂ ಇವೆ.

ಅನಿಲದ ವಿಷಯದಲ್ಲಿ ಲೆಕ್ಕಾಚಾರ ಸ್ವಲ್ಪ ಸೂಕ್ಷ್ಮವಾದದ್ದು. ಶುದ್ಧ ಇಂಗಾಲದ ಡೈ ಆಕ್ಸೈಡ್ ಅಗ್ಗ. 30 ಕಿಲೋ ಸಿಲಿಂಡರಿನಿಂದ ಸುಮಾರು 16 ಘನ ಮೀಟರ್ ಅನಿಲ ದೊರೆಯುತ್ತದೆ. ಆರ್ಗಾನ್ ಮಿಶ್ರಣದ ಸಾಮಾನ್ಯ ಸಿಲಿಂಡರಿನಲ್ಲಿರುವುದು 7 ಘನ ಮೀಟರ್ ಮಾತ್ರ, ಬೆಲೆಯೂ ಹೆಚ್ಚು. ನಿಮಿಷಕ್ಕೆ ಹತ್ತು ಲೀಟರ್ ಹರಿವಿನಲ್ಲಿ ಇದು 700 ನಿಮಿಷ, ಎಂದರೆ ಹನ್ನೆರಡು ಗಂಟೆಗಳಿಗಿಂತ ತುಸು ಕಡಿಮೆ ಕಾಲ ಬರುತ್ತದೆ. ಮೇಲ್ನೋಟಕ್ಕೆ ಅಗ್ಗದ ಅನಿಲವೇ ಲಾಭಕರ. ಆದರೆ ಶುದ್ಧ ಇಂಗಾಲದ ಡೈ ಆಕ್ಸೈಡಿನಲ್ಲಿ ಕಿಡಿ ಆಳಕ್ಕೆ ಇಳಿಯುತ್ತದೆ, ಸುತ್ತಲೂ ಲೋಹದ ಹನಿಗಳನ್ನು ಚಿಮ್ಮಿಸುತ್ತದೆ. ದಪ್ಪ ಉಕ್ಕಿಗೆ ಗುಣವಾದ ಈ ಆಳ ತೆಳು ತಗಡಿಗೆ ದೋಷ. ಚಿಮ್ಮಿದ ಹನಿಗಳನ್ನು ಉಜ್ಜಿ ತೆಗೆಯದೆ ಪೌಡರ್ ಬಣ್ಣ ಹಚ್ಚುವಂತಿಲ್ಲ. ಆರ್ಗಾನ್ ಶೇ. 80, ಇಂಗಾಲದ ಡೈ ಆಕ್ಸೈಡ್ ಶೇ. 20ರ ಮಿಶ್ರಣದಲ್ಲಿ ಕಿಡಿ ಮೃದು, ಹನಿ ಕಡಿಮೆ. ಆದ್ದರಿಂದ ಹೊರಗೆ ಕಾಣುವ ಬೆಸುಗೆಗೆ ಮಿಶ್ರಣ, ಒಳಗಿನ ಚೌಕಟ್ಟಿಗೆ ಅಗ್ಗದ ಅನಿಲ ಎಂದು ವಿಂಗಡಿಸಿಕೊಂಡ ಘಟಕಗಳು ಜಾಣತನದ ಕೆಲಸ ಮಾಡಿವೆ ಎನ್ನಬೇಕು. ಅನಿಲವೇ ಬೇಡದ ತಂತಿ ಎಂದು ಅಗ್ಗದ ಬೆಲೆಗೆ ಈಗ ಮನೆಬಾಗಿಲಿಗೇ ಬರುತ್ತಿರುವ ಸಣ್ಣ ಯಂತ್ರಗಳ ವಿಚಾರದಲ್ಲಿ ಎಚ್ಚರ ಅಗತ್ಯ. ಪುಡಿ ತುಂಬಿದ ಆ ತಂತಿ ಗಾಳಿ ಬೀಸುವ ಬಯಲಿನ ಕೆಲಸಕ್ಕೆ ಒಳ್ಳೆಯದು. ಆದರೆ ಅದರ ಶಾಖ ಹೆಚ್ಚು, ಕಿಟ್ಟ ಕಟ್ಟುತ್ತದೆ, 20 ಗೇಜಿಗೆ ಅದು ಹೇಳಿ ಮಾಡಿಸಿದ್ದಲ್ಲ.

ತುಕ್ಕುರಹಿತ ಉಕ್ಕಿನ ಮಾತು ಬೇರೆ. ಬೆಂಗಳೂರಿನ ದರ್ಶಿನಿಗಳು ಊರೂರಿಗೆ ಹಬ್ಬಿದಂತೆ ಅವುಗಳಿಗೆ ಅಡಿಗೆ ಮೇಜು, ತೊಟ್ಟಿ, ಇಡ್ಲಿ ಪೆಟ್ಟಿಗೆ ಮಾಡಿಕೊಡುವ ಘಟಕಗಳಿಗೂ ಕೆಲಸ ಹೆಚ್ಚಿದೆ. 304 ದರ್ಜೆಯ ಉಕ್ಕು ಸಾದಾ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಆದರೆ ಶಾಖವನ್ನು ಸಾಗಿಸುವುದು ಅದರ ಮೂರನೆಯ ಒಂದು ಪಾಲು ಮಾತ್ರ. ಶಾಖ ಬಿದ್ದಲ್ಲಿಯೇ ನಿಂತು ತಗಡು ಸೊಟ್ಟಾಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಇಲ್ಲಿ ಟಿಗ್ ವಿಧಾನವೇ ಯೋಗ್ಯ. ಅದು ನಿಧಾನ, ಅದಕ್ಕೆ ನುರಿತ ಕೈ ಬೇಕು, ಆ ಕೈಗೆ ಕೊಡಬೇಕಾದ ಸಂಬಳವೂ ಹೆಚ್ಚು. ಆದರೆ ಸರಿಯಾಗಿ ಮಾಡಿದ ಟಿಗ್ ಬೆಸುಗೆಯನ್ನು ಉಜ್ಜುವ ಕೆಲಸವೇ ಅಷ್ಟಾಗಿ ಉಳಿಯುವುದಿಲ್ಲ. ಆಹಾರ ತಗಲುವ ಕಡೆ ಬೆಸುಗೆಯ ಹಿಂಬದಿಗೂ ಆರ್ಗಾನ್ ಹಾಯಿಸಬೇಕು. ಇಲ್ಲದಿದ್ದರೆ ಒಳಗಡೆ ಲೋಹ ಸಕ್ಕರೆ ಹರಳಿನಂತೆ ಒರಟಾಗಿ ಕಪ್ಪುಗಟ್ಟುತ್ತದೆ, ಆ ಸಂದುಗಳಲ್ಲಿ ಹಿಟ್ಟು ಸೇರಿ ಹುಳಿಯುತ್ತದೆ, ತುಕ್ಕು ಹಿಡಿಯದ ಉಕ್ಕಿಗೂ ತುಕ್ಕು ಹಿಡಿಯುತ್ತದೆ. ಇನ್ನೊಂದು ಮಾತು: ಅಗ್ಗದ ಟಿಗ್ ಯಂತ್ರಗಳಲ್ಲಿ ಬಹಳಷ್ಟು ನೇರ ವಿದ್ಯುತ್ತಿನವು ಮಾತ್ರ. ನಾಳೆ ಅಲ್ಯೂಮಿನಿಯಂ ಕೆಲಸ ಬರಬಹುದೆಂದು ಎಣಿಸಿ ಅವುಗಳನ್ನು ಕೊಂಡರೆ ನಿರಾಶೆ ತಪ್ಪದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ ಎರಡು ಸಾವಿರ ಡಿಗ್ರಿಯವರೆಗೆ ಕರಗದು. ಆ ಪೊರೆಯನ್ನು ಒಡೆಯಲು ಪರ್ಯಾಯ ವಿದ್ಯುತ್ತಿನ ಯಂತ್ರವೇ ಬೇಕಾಗುತ್ತದೆ.

ಮೂಲೆಗೆ ಬಿದ್ದ ಸ್ಪಾಟ್ ಯಂತ್ರ

ಕಪಾಟು, ಪ್ಯಾನೆಲ್ ಪೆಟ್ಟಿಗೆಗಳ ತಯಾರಿಕೆಯಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾಗಿಯೂ ಕಡಿಮೆ ಗಮನ ಪಡೆದಿರುವುದು ಸ್ಪಾಟ್ ಬೆಸುಗೆ. ಎರಡು ತಗಡುಗಳನ್ನು ತಾಮ್ರದ ಎರಡು ಮೂತಿಗಳ ನಡುವೆ ಒತ್ತಿ ಹಿಡಿದು, ಒಂದು ಮಿಲಿಮೀಟರಿನ ತಗಡಿಗೆ ಎಂಟು-ಹತ್ತು ಸಾವಿರ ಆಂಪಿಯರ್ ವಿದ್ಯುತ್ತನ್ನು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಾಯಿಸಿದರೆ ಬೆಸುಗೆ ಮುಗಿಯಿತು. ತಂತಿಯಿಲ್ಲ, ಅನಿಲವಿಲ್ಲ, ಉಜ್ಜುವ ಕೆಲಸವಿಲ್ಲ. ಶಾಖ ಹರಡಲು ಸಮಯವೇ ಇಲ್ಲದ ಕಾರಣ ತಗಡು ಸೊಟ್ಟಾಗುವುದೂ ಅಪರೂಪ. ಒಂದು ವಾರದ ತರಬೇತಿಯಿಂದ ಸಾಮಾನ್ಯ ಕೆಲಸಗಾರನೂ ಇದನ್ನು ನಿರ್ವಹಿಸಬಲ್ಲ.

ಇಷ್ಟಿದ್ದೂ ಅನೇಕ ಶೆಡ್ಡುಗಳಲ್ಲಿ ಸ್ಪಾಟ್ ಯಂತ್ರ ಗೋಣಿಚೀಲ ಹೊದ್ದು ಮೂಲೆಯಲ್ಲಿರುವುದಕ್ಕೆ ಕಾರಣಗಳಿವೆ. ಮೊದಲನೆಯದು ವಿದ್ಯುತ್. ಆ ಕ್ಷಣಮಾತ್ರದ ಹೊರೆಗೆ ಶೆಡ್ಡಿನ ದೀಪಗಳೆಲ್ಲ ಮಂಕಾಗುತ್ತವೆ. ಮಂಜೂರಾದ ವಿದ್ಯುತ್ ಹೊರೆಯನ್ನು ಪರಿಶೀಲಿಸದೆ ಯಂತ್ರ ತಂದವರು ಆಮೇಲೆ ಹೊಸ ಕೇಬಲಿನ ವೆಚ್ಚ ಕಂಡು ಕೈ ಬಿಡುತ್ತಾರೆ. ಎರಡನೆಯದು ಮೂತಿಯ ಆರೈಕೆ. ಒಂದು ಮಿಲಿಮೀಟರಿನ ತಗಡಿಗೆ ಮೂತಿಯ ತುದಿ ಸುಮಾರು 5 ಮಿ.ಮೀ. ಅಗಲವಿರಬೇಕು. ಕೆಲಸ ಸಾಗಿದಂತೆ ಅದು ಚಪ್ಪಟೆಯಾಗಿ ಏಳೆಂಟು ಮಿಲಿಮೀಟರಿಗೆ ಹರಡಿದರೆ, ವಿದ್ಯುತ್ತೂ ಹರಡಿ ಬೆಸುಗೆ ಹುಸಿಯಾಗುತ್ತದೆ. ಆಗ ಬೈಗುಳ ತಿನ್ನುವುದು ಯಂತ್ರ. ಮೂರನೆಯದು ವಿನ್ಯಾಸ. ಸ್ಪಾಟ್ ಮಾಡಲು ಒಂದು ತಗಡಿನ ಅಂಚನ್ನು ಹನ್ನೆರಡು-ಹದಿನೈದು ಮಿಲಿಮೀಟರ್ ಮಡಿಸಿ ಇನ್ನೊಂದರ ಮೇಲೆ ಕೂರಿಸಬೇಕು. ಅಂಚಿಗೆ ಅಂಚು ತಾಗಿಸಿ ಮಾಡಿದ ಪೆಟ್ಟಿಗೆಗೆ ಅದು ಸಲ್ಲದು. ಎಂದರೆ ಬೆಸುಗೆಯ ಆಯ್ಕೆ ಬೆಸುಗೆಗಾರನ ಮೇಜಿನಲ್ಲಲ್ಲ, ತಗಡು ಕತ್ತರಿಸುವ ಮುನ್ನ ನಕ್ಷೆಯ ಮೇಲೆಯೇ ಆಗಬೇಕು. ನೀರು ಸೋರಬಾರದ ಪೆಟ್ಟಿಗೆಗೆ ಸ್ಪಾಟ್ ಒಂದೇ ಸಾಲದು, ಮುಖದ ಮೇಲೆ ಸಣ್ಣ ಗುಳಿಯೂ ಉಳಿಯುತ್ತದೆ ಎಂಬ ಮಿತಿಗಳು ನಿಜ. ಆದರೆ ಒಳಗಿನ ಬಲಪಟ್ಟಿ, ತಟ್ಟೆ, ಹಿಂಬದಿಯ ಹಲಗೆ ಇವುಗಳಿಗೆ ಈ ಮಿತಿ ಅನ್ವಯಿಸದು.

ಸತು ಲೇಪಿತ ತಗಡಿನವರಂತೂ ಬೆಸುಗೆಯನ್ನು ಸಾಧ್ಯವಾದಷ್ಟು ದೂರವಿಡುವುದು ಒಳಿತು. ಉಕ್ಕು ಕರಗುವುದಕ್ಕೆ ಬಹಳ ಮೊದಲೇ, 907 ಡಿಗ್ರಿಯಲ್ಲಿ, ಸತು ಕುದಿದು ಬಿಳಿಯ ಹೊಗೆಯಾಗುತ್ತದೆ. ಆ ಹೊಗೆ ಬೆಸುಗೆಯಲ್ಲಿ ಗುಳ್ಳೆಗಳನ್ನು, ಕೆಲಸಗಾರನಲ್ಲಿ ಚಳಿಜ್ವರವನ್ನು ಉಂಟುಮಾಡುತ್ತದೆ. ಗಾಳಿನಾಳದವರು ಅಂಚುಗಳನ್ನು ಒಂದರೊಳಗೊಂದು ಮಡಚಿ ಬೀಗ ಹಾಕುವ ಪದ್ಧತಿಯನ್ನು ಬಹುಕಾಲದಿಂದ ಅನುಸರಿಸುತ್ತಿರುವುದು ಸುಮ್ಮನಲ್ಲ. ಬೆಸೆಯಲೇಬೇಕಾದಲ್ಲಿ ಉಕ್ಕನ್ನು ಕರಗಿಸದೆ ಕಡಿಮೆ ಶಾಖದಲ್ಲಿ ಕೂಡಿಸುವ ಸಿಲಿಕಾನ್ ಕಂಚಿನ ತಂತಿಯಿದೆ; ಅದೇ ಮಿಗ್ ಯಂತ್ರದಲ್ಲಿ, ಶುದ್ಧ ಆರ್ಗಾನಿನೊಡನೆ ಅದನ್ನು ಓಡಿಸಬಹುದು. ತಂತಿ ದುಬಾರಿ, ಹೊಗೆ ಪೂರ್ತಿ ನಿಲ್ಲುವುದೂ ಇಲ್ಲ. ಆದರೆ ಲೇಪನ ಬಹುಮಟ್ಟಿಗೆ ಉಳಿಯುತ್ತದೆ.

ಕೈಯಲ್ಲಿ ಹಿಡಿದು ಬೆಸೆಯುವ ಲೇಸರ್ ಯಂತ್ರಗಳದ್ದು ಸದ್ಯದ ಸೆಳೆತ. ಕೆಲವೇ ವರ್ಷಗಳಲ್ಲಿ ಇವುಗಳ ಬೆಲೆ ಇಳಿದಿರುವುದು, ತೆಳು ತಗಡಿನ ಮೇಲೆ ಇವುಗಳ ಬೆಸುಗೆ ವೇಗವಾಗಿಯೂ ಅಂದವಾಗಿಯೂ ಬರುವುದು ಎರಡೂ ಸತ್ಯ. ಆದರೆ ಲೇಸರಿನ ಕಿರಣ ಕೂದಲೆಳೆಯಷ್ಟು ಸಣ್ಣದು. ಎರಡು ತಗಡುಗಳ ನಡುವಿನ ಸಂದು ತಗಡಿನ ದಪ್ಪದ ಹತ್ತನೆಯ ಒಂದು ಭಾಗವನ್ನು ಬಹಳ ಮೀರಿದರೆ ಕಿರಣ ಸಂದಿನಲ್ಲಿಯೇ ಹಾದುಹೋಗುತ್ತದೆ. ಕಿರಣವನ್ನು ಅಲುಗಿಸಿ, ತಂತಿ ಸೇರಿಸಿ ಸ್ವಲ್ಪ ಸುಧಾರಿಸಬಹುದು, ಅಷ್ಟೆ. ಗಣಕ ನಿಯಂತ್ರಿತ ಯಂತ್ರದಲ್ಲಿ ಕತ್ತರಿಸಿ ಮಡಿಸುವವರಿಗೆ ಇದು ಒಪ್ಪುತ್ತದೆ. ಕೈಕತ್ತರಿ ಯಂತ್ರದಲ್ಲಿ ಕತ್ತರಿಸಿ, ಸುತ್ತಿಗೆಯಿಂದ ಕೂರಿಸಿ, ಒಂದು ಮಿಲಿಮೀಟರ್ ಸಂದನ್ನು ಬೆಸುಗೆಗಾರನಿಗೆ ಬಿಡುವ ಘಟಕ ಲೇಸರ್ ತಂದರೆ ಸಾಲದ ಕಂತು ಮಾತ್ರ ನಿಯಮಿತವಾಗಿ ನಡೆಯುತ್ತದೆ. ಇದಲ್ಲದೆ ಆ ಕಿರಣ ಕಣ್ಣಿಗೆ ಕಾಣದು, ಪ್ರತಿಫಲಿಸಿದರೂ ಅಕ್ಷಿಪಟಲವನ್ನು ಶಾಶ್ವತವಾಗಿ ಸುಡಬಲ್ಲದು. ಸಾಮಾನ್ಯ ಬೆಸುಗೆ ಕನ್ನಡಿ ಅದಕ್ಕಾಗಿ ಮಾಡಿದ್ದಲ್ಲ. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ, ಸುತ್ತಲೂ ಮುಚ್ಚಿದ ಕೋಣೆ, ಬಾಗಿಲು ತೆರೆದರೆ ಕಿರಣ ನಿಲ್ಲುವ ಏರ್ಪಾಡು ಇವು ಯಂತ್ರದ ಬೆಲೆಯ ಭಾಗವೆಂದೇ ಎಣಿಸಬೇಕು. ಪಕ್ಕದಲ್ಲಿ ಚಹಾ ಹಿಡಿದು ಬರುವ ಹುಡುಗನಿಗೂ ಕಣ್ಣುಗಳಿವೆ.

ಲೆಕ್ಕ

ಒಂದು ಕಲ್ಪಿತ ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಒಂದು ಘಟಕ ತಿಂಗಳಿಗೆ 500 ಪ್ಯಾನೆಲ್ ಪೆಟ್ಟಿಗೆಗಳನ್ನು ತಯಾರಿಸುತ್ತದೆ ಎಂದಿಟ್ಟುಕೊಂಡರೆ, ಮತ್ತು ಬೆಸೆದ ನಂತರ ಪ್ರತಿ ಪೆಟ್ಟಿಗೆಯನ್ನು ಉಜ್ಜಿ, ತೂತು ಮುಚ್ಚಿ, ನೇರ ಮಾಡಲು 15 ನಿಮಿಷ ತಗಲಿದರೆ, ತಿಂಗಳಿಗೆ 125 ಗಂಟೆ ಈ ಕೆಲಸಕ್ಕೇ ಮೀಸಲು. ಗಂಟೆಗೆ 100 ರೂಪಾಯಿಯಂತೆ 12,500 ರೂಪಾಯಿ. ಚಕ್ರ, ಪುಟ್ಟಿಗಳಿಗೆ ಪೆಟ್ಟಿಗೆಗೆ 8 ರೂಪಾಯಿ ಹಿಡಿದರೆ ಇನ್ನೂ 4,000. ಒಟ್ಟು ತಿಂಗಳಿಗೆ 16,500, ವರ್ಷಕ್ಕೆ 1,98,000 ರೂಪಾಯಿ. ಒಳ್ಳೆಯ ಯಂತ್ರ, ಸರಿಯಾದ ತಂತಿ, ಮಿಶ್ರ ಅನಿಲ, ಒಳಭಾಗಗಳಿಗೆ ಸ್ಪಾಟ್ – ಇವುಗಳಿಂದ ಈ ಕೆಲಸ ಮೂರನೆಯ ಒಂದು ಪಾಲಿಗೆ ಇಳಿದರೆ ಉಳಿತಾಯ ವರ್ಷಕ್ಕೆ 1,32,000 ರೂಪಾಯಿ. ಎರಡು ಯಂತ್ರಗಳ ಬೆಲೆಯ ಅಂತರ 80,000 ರೂಪಾಯಿ ಇದ್ದರೂ ಎಂಟು ತಿಂಗಳೊಳಗೆ ಮರಳಿ ಬಂದೀತು. ಅನಿಲಕ್ಕೆ ಹೆಚ್ಚು ತೆರುವುದನ್ನು ಕಳೆದರೆ ಇನ್ನೆರಡು ಮೂರು ತಿಂಗಳು ಸೇರಬಹುದು.

ಇಲ್ಲಿಯವರೆಗಿನ ಲೆಕ್ಕವನ್ನು ಬಹುತೇಕ ಮಾಲೀಕರು ಒಪ್ಪುತ್ತಾರೆ. ಅವರ ಗಮನಕ್ಕೆ ಬಾರದೆ ಉಳಿಯುವ ಲೆಕ್ಕ ಇನ್ನೊಂದಿದೆ. ಒಂದು ಮಿಲಿಮೀಟರಿನ ತಗಡು ತೂತು ಬೀಳುತ್ತದೆಂಬ ಒಂದೇ ಕಾರಣಕ್ಕೆ 1.2 ಮಿಲಿಮೀಟರಿನ ತಗಡು ಬಳಸುವ ರೂಢಿ ಅದೆಷ್ಟೋ ಘಟಕಗಳಲ್ಲಿ ಬೇರೂರಿದೆ. ‘ನಮ್ಮಲ್ಲಿ 20 ಗೇಜು ಆಗುವುದಿಲ್ಲ’ ಎಂಬ ಮಾತನ್ನು ಬೆಸುಗೆಗಾರ ಯಾವತ್ತೋ ಹೇಳಿದ್ದು, ಖರೀದಿ ಗುಮಾಸ್ತ ಅದನ್ನು ಶಾಸನವೆಂಬಂತೆ ಪಾಲಿಸುತ್ತಾನೆ. ಉಕ್ಕಿನ ತಗಡು ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. ಪೆಟ್ಟಿಗೆಯೊಂದಕ್ಕೆ ಒಂದೂವರೆ ಚದರ ಮೀಟರ್ ತಗಡು ಬೇಕೆಂದರೆ, 0.2 ಮಿ.ಮೀ. ಹೆಚ್ಚುವರಿ ದಪ್ಪದಿಂದ ಪ್ರತಿ ಪೆಟ್ಟಿಗೆಯಲ್ಲಿ 2.35 ಕಿಲೋ ಉಕ್ಕು ಅನಗತ್ಯವಾಗಿ ಸೇರುತ್ತದೆ. 500 ಪೆಟ್ಟಿಗೆಗೆ ಸುಮಾರು 1,177 ಕಿಲೋ. ಕಿಲೋಗೆ 65 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 76,500 ರೂಪಾಯಿ, ವರ್ಷಕ್ಕೆ ಒಂಬತ್ತು ಲಕ್ಷ ರೂಪಾಯಿಗಿಂತ ಹೆಚ್ಚು! ಯಂತ್ರದ ಬೆಲೆಯಲ್ಲಿ ಎಂಬತ್ತು ಸಾವಿರ ಉಳಿಸಿದ ಘಟಕ ಪ್ರತಿ ತಿಂಗಳೂ ಹೆಚ್ಚುಕಡಿಮೆ ಅಷ್ಟೇ ಹಣವನ್ನು ತಗಡಿನ ರೂಪದಲ್ಲಿ ಗ್ರಾಹಕರಿಗೆ ಉಚಿತವಾಗಿ ಕೊಡುತ್ತಿದೆ. ಪೈಪೋಟಿಯ ದರದಲ್ಲಿ ಕೆಲಸ ಕೈತಪ್ಪಿದಾಗ, ಎದುರಾಳಿ ಹೇಗೆ ಅಷ್ಟು ಕಡಿಮೆಗೆ ಕೊಟ್ಟನೆಂದು ಆಶ್ಚರ್ಯಪಡುವವರು ಮೊದಲು ತಮ್ಮ ತಗಡಿನ ಗೇಜನ್ನು ನೋಡಿಕೊಳ್ಳಬೇಕು. ಗ್ರಾಹಕರೇ ಟೆಂಡರಿನಲ್ಲಿ 1.6 ಅಥವಾ 2 ಮಿ.ಮೀ. ಎಂದು ನಮೂದಿಸಿದ್ದರೆ ಈ ಮಾತು ಅನ್ವಯಿಸದು. ಆಗ ತಗಡನ್ನು ತೆಳುವಾಗಿಸುವುದು ಉಳಿತಾಯವಲ್ಲ, ವಂಚನೆ. ದಪ್ಪ ಕಡಿಮೆ ಮಾಡಿದಲ್ಲಿ ಮಡಿಕೆ, ಬಲಪಟ್ಟಿಗಳಿಂದ ಪೆಟ್ಟಿಗೆಯ ಬಿಗಿಯನ್ನು ಕಾಯ್ದುಕೊಳ್ಳಬೇಕಾದದ್ದೂ ಅಷ್ಟೇ ಮುಖ್ಯ.

ಕೂಲಿಯ ಪದ್ಧತಿಯೂ ಈ ಲೆಕ್ಕವನ್ನು ಕೆಡಿಸುತ್ತದೆ. ಎಷ್ಟೋ ಕಡೆ ಬೆಸುಗೆಗಾರನಿಗೆ ನಗಕ್ಕೆ ಇಷ್ಟೆಂದು ಕೊಟ್ಟು, ಉಜ್ಜುವವನಿಗೆ ದಿನಗೂಲಿ ಕೊಡಲಾಗುತ್ತದೆ. ಬೆಸುಗೆಗಾರ ವಿದ್ಯುತ್ ಏರಿಸಿ, ಒಂದೇ ಎಳೆತದಲ್ಲಿ ಉದ್ದಕ್ಕೂ ಬೆಸೆದು, ಸಂಜೆಯೊಳಗೆ ಹೆಚ್ಚು ನಗ ಮುಗಿಸುವುದು ಅವನ ದೃಷ್ಟಿಯಿಂದ ನ್ಯಾಯವೇ. ತಗಡು ಸೊಟ್ಟಾಗದಿರಬೇಕಾದರೆ ಅಲ್ಲಲ್ಲಿ ಬಿಟ್ಟು ಬಿಟ್ಟು ಬೆಸೆಯಬೇಕು, ಹಿಂದೆ ತಾಮ್ರದ ಪಟ್ಟಿ ಒತ್ತಿ ಶಾಖ ಹೀರಿಸಬೇಕು, ಪೆಟ್ಟಿಗೆಯನ್ನು ಚೌಕಟ್ಟಿನಲ್ಲಿ ಬಿಗಿಯಬೇಕು. ಇವೆಲ್ಲಕ್ಕೂ ಸಮಯ ಬೇಕು, ಆ ಸಮಯಕ್ಕೆ ಅವನಿಗೆ ಕೂಲಿಯಿಲ್ಲ. ಅವನು ಉಳಿಸಿದ ನಿಮಿಷಗಳನ್ನು ಉಜ್ಜುವವನ ದಿನಗೂಲಿಯ ಮೂಲಕ ಮಾಲೀಕರೇ ಭರಿಸುತ್ತಾರೆ, ಮತ್ತು ಕೊನೆಗೆ ‘ಈಗಿನ ಹುಡುಗರಿಗೆ ಕೆಲಸ ಬರುವುದಿಲ್ಲ’ ಎಂದು ಹೇಳುತ್ತಾರೆ. ಉಜ್ಜದೆ ಬಣ್ಣಕ್ಕೆ ಹೋಗಬಲ್ಲ ನಗಕ್ಕೆ ಎರಡು ರೂಪಾಯಿ ಹೆಚ್ಚು ಕೊಟ್ಟು ನೋಡಿದರೆ ಆ ಹುಡುಗರಿಗೇ ಕೆಲಸ ಬರುವುದು ಕಂಡೀತು.

ತೆರಿಗೆಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ರಸೀದಿಯಿಲ್ಲದೆ ಅಗ್ಗಕ್ಕೆ ಸಿಗುವ ಯಂತ್ರ ನಿಜವಾಗಿ ಅಗ್ಗವಲ್ಲ: ತೆರಿಗೆ ಜಮೆ ಇಲ್ಲ, ಸವಕಳಿ ಇಲ್ಲ, ಖಾತರಿಯೂ ಇಲ್ಲ. 2022ರ ಜನವರಿ 1ರಿಂದ, ಮಾರಾಟಗಾರರು ತಮ್ಮ ವಿವರಪಟ್ಟಿಯಲ್ಲಿ ರಸೀದಿಯನ್ನು ತೋರಿಸದಿದ್ದರೆ ಕೊಂಡವರಿಗೆ ಜಿ.ಎಸ್.ಟಿ. ಜಮೆ ದೊರೆಯುವುದಿಲ್ಲ; ಆದ್ದರಿಂದ ಹಣ ಪೂರ್ತಿ ಪಾವತಿಸುವ ಮುನ್ನ ಅದನ್ನು ನೋಡಿಕೊಳ್ಳುವುದು ಕ್ಷೇಮ. ತೆರಿಗೆಯ ಮೊತ್ತವನ್ನೂ ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ಪಡೆದರೆ ಜಮೆ ಕೈತಪ್ಪುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆಯೇ ಇಲ್ಲವಾದ್ದರಿಂದ, ಅವರು ಕೊಟೇಶನ್‌ಗಳನ್ನು ತೆರಿಗೆ ಸಹಿತದ ಮೊತ್ತದ ಮೇಲೆ ಹೋಲಿಸಬೇಕು. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳ ಸವಕಳಿ ಶೇ. 15; ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಮಾರ್ಚ್ ಕೊನೆಯ ವಾರದಲ್ಲಿ ‘ತೆರಿಗೆ ಉಳಿಸಲು’ ಅವಸರವಾಗಿ ಯಂತ್ರ ಕೊಳ್ಳುವವರು ಪಡೆಯುವುದು ಶೇ. 7.5ರ ಕಡಿತವನ್ನು ಮಾತ್ರ. ಒಂದು ಲಕ್ಷದ ಯಂತ್ರಕ್ಕೆ ಏಳೂವರೆ ಸಾವಿರದ ಕಡಿತ, ಅದರ ಮೇಲಿನ ತೆರಿಗೆಯ ಉಳಿತಾಯ ಎರಡು ಸಾವಿರ ಚಿಲ್ಲರೆ. ಆ ಎರಡು ಸಾವಿರಕ್ಕಾಗಿ ಪರೀಕ್ಷಿಸದೆ ಯಂತ್ರ ಕೊಳ್ಳುವುದಕ್ಕಿಂತ ಏಪ್ರಿಲ್ ತಿಂಗಳಿನಲ್ಲಿ ನಿಧಾನವಾಗಿ ನೋಡಿ ಕೊಳ್ಳುವುದು ಮೇಲು.

ನೋಡುವ ಕ್ರಮ ಸರಳವಾದದ್ದು. ಕೊಟೇಶನ್ ಕೇಳುವ ಮೊದಲು ಒಂದು ತಿಂಗಳು ಒಂದು ಸಾದಾ ಪುಸ್ತಕದಲ್ಲಿ ದಿನಕ್ಕೆ ಎಷ್ಟು ನಗ, ಎಷ್ಟು ಚಕ್ರ, ಉಜ್ಜಲು ಎಷ್ಟು ಗಂಟೆ, ಎಷ್ಟು ತಿರಸ್ಕೃತ ಎಂದು ಬರೆದಿಡಬೇಕು. ಈ ನಾಲ್ಕು ಅಂಕಿಗಳಿಲ್ಲದೆ ಯಾವ ಲೆಕ್ಕಪರಿಶೋಧಕರೂ ಸಲಹೆ ಕೊಡಲಾರರು. ಆಮೇಲೆ ಮಾರಾಟಗಾರರ ಮಳಿಗೆಗೆ ಹೋಗುವಾಗ ಘಟಕದ್ದೇ ತಗಡಿನ ಇಪ್ಪತ್ತು ಜೊತೆ ತುಂಡುಗಳನ್ನು, ಅದೇ ಸಂದು, ಅದೇ ಮಡಿಕೆಯೊಡನೆ ಒಯ್ಯಬೇಕು. ಮಳಿಗೆಯಲ್ಲಿ ಪ್ರದರ್ಶನಕ್ಕೆ ಇಟ್ಟಿರುವುದು ಸಾಮಾನ್ಯವಾಗಿ ಮೂರು ಮಿಲಿಮೀಟರಿನ ನುಣುಪಾದ ತಗಡು, ಅದರ ಮೇಲೆ ಯಾವ ಯಂತ್ರವೂ ಚೆನ್ನಾಗಿಯೇ ಬೆಸೆಯುತ್ತದೆ. ಯಂತ್ರವನ್ನು ಅದರ ಕನಿಷ್ಠ ವಿದ್ಯುತ್ತಿಗೆ ಇಳಿಸಿ ಕಿಡಿ ನಿಲ್ಲುತ್ತದೆಯೇ ಎಂದು ನೋಡಬೇಕು. ಸ್ಪಾಟ್ ಆದರೆ ಬೆಸೆದ ತುಂಡುಗಳನ್ನು ಉಳಿಯಿಂದ ಬಿಡಿಸಿ ಎಳೆಯಬೇಕು. ಬೆಸುಗೆ ಗಟ್ಟಿಯಿದ್ದರೆ ಒಂದು ತಗಡಿನಿಂದ ಗುಂಡಿಯಂತಹ ಬಿಲ್ಲೆ ಕಿತ್ತು ಇನ್ನೊಂದಕ್ಕೆ ಅಂಟಿಕೊಂಡು ಬರುತ್ತದೆ, ಹುಸಿಯಾಗಿದ್ದರೆ ಎರಡೂ ತಗಡು ನುಣ್ಣಗೆ ಬಿಟ್ಟುಕೊಳ್ಳುತ್ತವೆ. ತುಂಡುಗಳ ಮೇಲೆ ಸಂಖ್ಯೆ ಬರೆದು, ಮರಳಿ ತಂದು, ಒಂದೊಂದನ್ನೂ ಉಜ್ಜಿ ಮುಗಿಸಲು ಎಷ್ಟು ನಿಮಿಷ ಹಿಡಿಯಿತೆಂದು ಅದೇ ಪುಸ್ತಕದಲ್ಲಿ ದಾಖಲಿಸಬೇಕು. ಮತ್ತು ಆ ಇಪ್ಪತ್ತು ಜೊತೆಗಳನ್ನು ಬೆಸೆಯುವ ಕೈ ಮಾರಾಟಗಾರರ ಪ್ರದರ್ಶಕನದಾಗಿರದೆ, ನಾಳೆಯಿಂದ ಆ ಯಂತ್ರದ ಮುಂದೆ ನಿಲ್ಲಬೇಕಾದ ಕೆಲಸಗಾರನದೇ ಆಗಿರಬೇಕು.